ಪ್ರತಿಮಾಗೃಹದ ಪಾಲಕ

ಚಿತ್ರಗಳೂ ಪ್ರತಿಮೆಗಳೂ ಸೇರಿರುವ ಒಂದು ಕಲಾಸಂಗ್ರಹಾಲಯದಲ್ಲಿ ಮುಖ್ಯ ಕ್ಯುರೇಟರ್ ಎನ್ನಿಸಿಕೊಳ್ಳುವವರ ಕೆಲಸವೇನೆಂದು ಕೇಳಿದರೆ, ಓದುಬರೆಹ ಬಲ್ಲ ಮನೆತನದವರಲ್ಲಿಯೂ ಅನೇಕರು ಥಟ್ಟನೆ ಉತ್ತರ ಹೇಳಲಾರರು. ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಳಗ್ಗೆ ಬಾಗಿಲು ತೆಗೆಯಿಸಿ ಸಂಜೆ ಹಾಕಿಸುವ ದೊಡ್ಡ ಕಾವಲುಗಾರನೆಂಬ ಭಾವನೆಯೇ ಬಹುಮಂದಿಗೆ ಇರುವುದು. ಲ್ಯಾಟಿನ್ ಭಾಷೆಯಲ್ಲಿ ‘ಕ್ಯೂರಾ’ ಎಂಬ ಶಬ್ದಕ್ಕೆ ಆರೈಕೆಯೆಂದು ಅರ್ಥ. ಆರೈಕೆ ಮಾಡುವವನು ಕ್ಯುರೇಟರ್. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಈ ಅಧಿಕಾರಿಗೆ ‘ಕೀಪರ್’, ಎಂದರೆ ಕಾಯುವವನು, ಎಂಬ ಹೆಸರು ನಡೆದುಬಂದಿದೆ. ಸಂಸ್ಕೃತ ಬಲ್ಲವರಾದರೆ ಎರಡನ್ನೂ ಸೇರಿಸಿ ಯೋಗಕ್ಷೇಮವೆಂದು ಹೇಳಿಬಿಡಬಹುದು. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡುವುದು ಕ್ಷೇಮ. ಸಂಗ್ರಹಕ್ಕೆ ಯಾವ ವಸ್ತು ಬರಬೇಕು, ಬಂದುದು ಕೆಡದೆ ಹೇಗೆ ಉಳಿಯಬೇಕು ಎಂಬ ಎರಡು ಚಿಂತೆಗಳೂ ಪಾಲಕನವೇ. ಆದರೆ ಇಷ್ಟರಿಂದಲೇ ಆ ಹುದ್ದೆಯ ಅರ್ಥ ಮುಗಿಯುವುದಿಲ್ಲ. ಮೂರನೆಯ ಕರ್ತವ್ಯವೊಂದು ಉಂಟು. ಅದು ಈ ಎರಡಕ್ಕಿಂತಲೂ ಕಠಿನವಾದುದು. ಈ ದೇಶದಲ್ಲಿ ಮ್ಯೂಸಿಯಮ್ಮುಗಳು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಭಾಸಕವಿ ತನ್ನ ಪ್ರತಿಮಾನಾಟಕದಲ್ಲಿ ಅದನ್ನು ಕಾಣಿಸಿದ್ದಾನೆ.

ತಿರುವನಂತಪುರದ ಟಿ. ಗಣಪತಿಶಾಸ್ತ್ರಿಗಳು 1912ರಿಂದ ಮೊದಲುಗೊಂಡು ಭಾಸನ ಹೆಸರಿನಲ್ಲಿ ಪ್ರಕಟಿಸಿದ ಹದಿಮೂರು ನಾಟಕಗಳಲ್ಲಿ ಇದೂ ಒಂದು. ಅವೆಲ್ಲವೂ ಭಾಸನವೇ ಅಹುದೇ ಎಂಬ ವಿವಾದವು ಪಂಡಿತರಲ್ಲಿ ತೀರಿಲ್ಲ; ಅದು ಇಲ್ಲಿ ಅಪ್ರಕೃತ. ಮೂರನೆಯ ಅಂಕದಲ್ಲಿ ಭರತನು ಸೋದರಮಾವನ ಮನೆಯಿಂದ ಅಯೋಧ್ಯೆಗೆ ಹಿಂದಿರುಗುತ್ತಾನೆ. ಕೃತ್ತಿಕೆ ಕಳೆದು ರೋಹಿಣಿ ಬಂದ ಮೇಲೆ ಪುರಪ್ರವೇಶ ಮಾಡಬೇಕೆಂದು ಗುರುಗಳಿಂದ ಹೇಳಿಕೆ ಬರುತ್ತದೆ. ಅಷ್ಟು ಹೊತ್ತು ಎಲ್ಲಿ ಕಳೆಯುವುದು? ಊರ ಹೊರಗೆ ಮರಗಳ ನಡುವೆ ಒಂದು ಗುಡಿಯಂತಹ ಕಟ್ಟಡ ಕಾಣುತ್ತದೆ. ಅಂದು ಅಲ್ಲಿ ಏನೋ ವಿಶೇಷವಿದ್ದಂತೆ ಅಲಂಕಾರ ಮಾಡಿದ್ದಾರೆ. ಒಳಹೊಕ್ಕರೆ ನಾಲ್ಕು ಕಲ್ಲಿನ ಪ್ರತಿಮೆಗಳು. ಶಿಲ್ಪಿಯ ಕೈವಾಡಕ್ಕೆ ಮೆಚ್ಚಿ, ಯಾವ ದೇವತೆಗಳೋ ಇರಬೇಕೆಂದು ಭರತನು ತಲೆಬಾಗುವುದರಲ್ಲಿದ್ದಾಗ ಆ ಮನೆಯ ಪಾಲಕನಾದ ದೇವಕುಲಿಕನು ಬಂದು ತಡೆಯುತ್ತಾನೆ. ಇವರು ದೇವರಲ್ಲ, ಕ್ಷತ್ರಿಯರು. ಬ್ರಾಹ್ಮಣನೊಬ್ಬ ದೇವತಾಭ್ರಾಂತಿಯಿಂದ ನಮಸ್ಕರಿಸಿಯಾನೆಂದು ತಡೆದೆನು ಎನ್ನುತ್ತಾನೆ.

ಅಲ್ಲಿಂದ ಮುಂದೆ ನಡೆಯುವ ಸಂಭಾಷಣೆಯನ್ನು ಪಾಠಶಾಲೆಯಲ್ಲಿ ಓದಿದವರು ಮರೆತಿರಲಾರರು. ಇವನು ದಿಲೀಪ, ಇವನು ರಘು, ಇವನು ಅಜ ಎಂದು ದೇವಕುಲಿಕನು ಒಬ್ಬೊಬ್ಬರನ್ನೇ ಹೇಳುತ್ತಾ ಹೋಗುತ್ತಾನೆ. ನಾಲ್ಕನೆಯ ಪ್ರತಿಮೆಯ ಮುಂದೆ ಭರತನ ಎದೆ ನಡುಗುತ್ತದೆ. ಮುಖವನ್ನು ಅವನು ಗುರುತಿಸಿದ್ದಾನೆ, ಆದರೆ ಹೆಸರನ್ನು ಕೇಳಲಾರ. ಮನಸ್ಸು ಬೇರೆ ಕಡೆಗೆ ಹರಿದಿತ್ತು, ಮೊದಲಿನಿಂದ ಇನ್ನೊಮ್ಮೆ ಹೇಳು ಎಂದು ಹಿಂದಿನ ಮೂವರ ಹೆಸರನ್ನೇ ಮತ್ತೆ ಹೇಳಿಸುತ್ತಾನೆ. ಆಮೇಲೆ ಸುತ್ತುಬಳಸಿ ಬಂದು, ಬದುಕಿರುವವರ ಪ್ರತಿಮೆಗಳನ್ನೂ ಇಲ್ಲಿ ನಿಲ್ಲಿಸುವುದುಂಟೇ ಎಂದು ಕೇಳುತ್ತಾನೆ. ಇಲ್ಲ, ತೀರಿಹೋದವರವನ್ನು ಮಾತ್ರ ಎಂಬ ಉತ್ತರ ಬರುತ್ತದೆ. ಹಾಗಾದರೆ ಹೋಗಿಬರುತ್ತೇನೆ ಎಂದು ಭರತ ಹೊರಟೇಬಿಡುತ್ತಾನೆ! ಪಾಲಕನು ಬಿಡುವುದಿಲ್ಲ. ನಿಲ್ಲಿಸಿ, ಈ ದಶರಥನ ಪ್ರತಿಮೆಯನ್ನೇಕೆ ಕೇಳಲಿಲ್ಲವೆನ್ನುತ್ತಾನೆ. ಭರತ ಮೂರ್ಛೆ ಹೋಗುತ್ತಾನೆ. ಎಚ್ಚರಗೊಂಡ ತರುವಾಯ ಇವನಾರೆಂಬುದು ದೇವಕುಲಿಕನಿಗೆ ತಿಳಿದು, ಈಗ ಜಾರಿಕೊಳ್ಳುವ ಸರದಿ ಅವನದಾಗುತ್ತದೆ. ಹೋಗಿಬರುತ್ತೇನೆಂದು ಅವನು ಹೊರಡುತ್ತಾನೆ. ಭರತನು ಅವನನ್ನು ನಿಲ್ಲಿಸಿ, ಉಳಿದುದನ್ನೂ ಹೇಳಬೇಕೆನ್ನುತ್ತಾನೆ. ರಾಮನ ವನವಾಸದ ವೃತ್ತಾಂತವನ್ನು ಅವನು ಹೇಳಲೇಬೇಕಾಗುತ್ತದೆ.

ದೇವಕುಲಿಕನು ಆ ಪ್ರತಿಮೆಗಳನ್ನು ಕಡೆದವನಲ್ಲ, ಕೊಂಡುತಂದವನೂ ಅಲ್ಲ. ಎದುರಿಗಿರುವುದು ಏನು, ಯಾರದು, ಏಕೆ ಇಲ್ಲಿ ನಿಂತಿದೆ ಎಂಬುದನ್ನು ನಿಜವಾಗಿ ಹೇಳುವುದೇ ಅವನ ಕೆಲಸ. ಕೇಳುವವನಿಗೆ ಪ್ರಿಯವಾಗದಿದ್ದರೂ, ಹೇಳುವವನಿಗೆ ಓಡಿಹೋಗೋಣವೆನ್ನಿಸಿದರೂ ಹೇಳುವುದು. ಇಂದಿನ ಕ್ಯುರೇಟರುಗಳಲ್ಲಿ ದೊಡ್ಡವರೆಂದು ಹೆಸರು ಪಡೆದವರನ್ನು ನೋಡಿದರೆ, ಅವರ ದೊಡ್ಡಸ್ತಿಕೆಯೆಲ್ಲ ಈ ಒಂದು ಗುಣದಲ್ಲಿಯೇ ನಿಂತಿರುವಂತೆ ತೋರುವುದು.

ಕ್ಷೇಮದ ಮಾತನ್ನು ಬೇಗ ಮುಗಿಸಬಹುದು. ಹೊಲದಲ್ಲಿ ಹೂತು ಉಪ್ಪನ್ನು ಹೀರಿದ ಕಂಚಿನ ವಿಗ್ರಹವು ತೇವ ತಾಗಿದೊಡನೆ ಹಸುರು ಹುಡಿಯಾಗಿ ಉದುರತೊಡಗುವುದು. ಕಾಗದದ ಮೇಲೆ ಬರೆದ ಬಣ್ಣದ ಚಿತ್ರವು ಬೆಳಕಿನಿಂದಲೇ ಮಾಸುವುದು. ಆದುದರಿಂದ ಅಂತಹ ಚಿತ್ರಗಳ ಮೇಲೆ 50 ಲಕ್ಸಿಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿ, ಕೆಲವು ತಿಂಗಳು ತೋರಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುವರು. ದೂರದಿಂದ ಬಂದವರು ಹೆಸರುವಾಸಿಯಾದ ಚಿತ್ರ ಕಾಣಲಿಲ್ಲವೆಂದು ಗೊಣಗುವುದುಂಟು. ಅದು ಅಂದು ವಿಶ್ರಾಂತಿಯಲ್ಲಿರುವುದೆಂದು ಅವರು ತಿಳಿಯಬೇಕು. ಮನೆಯ ಗೋಡೆಯಲ್ಲಿ ಬಿಸಿಲಿಗೆ ಎದುರಾಗಿ ರವಿವರ್ಮನ ಪಟವನ್ನು ತೂಗುಹಾಕಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಯುದ್ಧಕಾಲ ಬಂದರಂತೂ ಪಾಲಕನ ಪಾಡು ಹೇಳತೀರದು. 1939ರಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದವರು ಜಾಕ್ ಜೋಜಾರರ ಮೇಲ್ವಿಚಾರಣೆಯಲ್ಲಿ ಮೋನಾ ಲೀಸಾ ಮೊದಲಾದ ಚಿತ್ರಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಗಾಡಿನ ಕೋಟೆಮನೆಗಳಿಗೆ ಸಾಗಿಸಿದರು. ಯುದ್ಧ ಮುಗಿಯುವವರೆಗೂ ಮೋನಾ ಲೀಸಾ ಮನೆಯಿಂದ ಮನೆಗೆ ಅಲೆಯಿತು.

ಮೂರನೆಯ ಕರ್ತವ್ಯಕ್ಕೆ ಆನಂದ ಕುಮಾರಸ್ವಾಮಿಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಅವರು 1877ನೆಯ ಇಸವಿ ಆಗಸ್ಟ್ 22ರಂದು ಕೊಲಂಬೊ ನಗರದಲ್ಲಿ ಹುಟ್ಟಿದರು. ತಂದೆ ತಮಿಳರಾದ ಸರ್ ಮುತ್ತು ಕುಮಾರಸ್ವಾಮಿ. ತಾಯಿ ಆಂಗ್ಲ ಮಹಿಳೆ. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆ ತೀರಿಕೊಂಡುದರಿಂದ ಬೆಳೆದುದೂ ಓದಿದುದೂ ಇಂಗ್ಲೆಂಡಿನಲ್ಲಿ. ಓದಿದುದು ಕಲೆಯನ್ನಲ್ಲ, ಭೂಗರ್ಭಶಾಸ್ತ್ರವನ್ನು. ಸಿಂಹಳದ್ವೀಪದ ಖನಿಜಶೋಧನೆಯ ಇಲಾಖೆಗೆ ಮುಖ್ಯಸ್ಥರಾಗಿ, ಕಲ್ಲನ್ನು ಹುಡುಕುತ್ತ ಹಳ್ಳಿಹಳ್ಳಿ ಅಲೆಯುತ್ತಿದ್ದಾಗ, ಕುಶಲಕರ್ಮಿಗಳ ಕಸಬು ಅಳಿಯುತ್ತಿರುವುದು ಕಣ್ಣಿಗೆ ಬಿತ್ತು. ಅಂದಿನಿಂದ ಅವರ ಜೀವನವು ಬೇರೆ ದಾರಿ ಹಿಡಿಯಿತು. ಮಧ್ಯಯುಗದ ಸಿಂಹಳಕಲೆಯನ್ನು ಕುರಿತ ಅವರ ದೊಡ್ಡ ಗ್ರಂಥವು 1908ರಲ್ಲಿ ಹೊರಬಂದಿತು. ಅನಂತರ ಹಿಂದೂಸ್ಥಾನದ ಉತ್ತರಭಾಗದಲ್ಲೆಲ್ಲ ಸಂಚರಿಸಿ, ಆಗ ಯಾರೂ ಲಕ್ಷ್ಯ ಮಾಡದಿದ್ದ ರಜಪೂತ ಚಿತ್ರಗಳನ್ನು ಸಂಗ್ರಹಿಸಿದರು. ಮೊಗಲರ ಆಸ್ಥಾನದ ಚಿತ್ರಗಳೊಡನೆ ಒಂದೇ ರಾಶಿಯಾಗಿ ಬಿದ್ದಿದ್ದ ಇವುಗಳ ಜಾತಿಯೇ ಬೇರೆ, ಭಾವವೇ ಬೇರೆ ಎಂದು 1916ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು.

ಇಲ್ಲಿ ಹೇಳಬೇಕಾದ ವಿಷಾದದ ಸಂಗತಿಯೊಂದು ಉಂಟು. ಕಾಶಿಯಲ್ಲಿ ಒಂದು ರಾಷ್ಟ್ರೀಯ ಸಂಗ್ರಹಾಲಯವನ್ನು ಕಟ್ಟುವುದಾದರೆ ತಮ್ಮ ಸಂಗ್ರಹವನ್ನು ದೇಶಕ್ಕೆ ಒಪ್ಪಿಸುವುದಾಗಿ ಕುಮಾರಸ್ವಾಮಿಗಳು ಹೇಳಿದ್ದರು. ಶ್ರೀಮಂತರಿದ್ದರು, ಸಂಸ್ಥಾನಾಧೀಶ್ವರರಿದ್ದರು, ಕಲೆಯ ಹೆಸರಿನಲ್ಲಿ ಭಾಷಣ ಮಾಡುವವರಂತೂ ಬೇಕಾದಷ್ಟು ಜನರಿದ್ದರು. ಕಟ್ಟಡ ಏಳಲಿಲ್ಲ. 1917ರಲ್ಲಿ ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯಕ್ಕಾಗಿ ಡೆನ್‌ಮನ್ ರಾಸ್ ಎಂಬ ಮಹನೀಯರು ಆ ಚಿತ್ರಗಳನ್ನು ಕೊಂಡುಕೊಂಡರು. ಚಿತ್ರಗಳ ಜೊತೆಗೆ ಅವುಗಳ ಒಡೆಯರೂ ಅಲ್ಲಿನ ಭಾರತೀಯ ಕಲಾವಿಭಾಗಕ್ಕೆ ಪಾಲಕರಾಗಿ ಹೋದರು. ಮಗಳೊಡನೆ ತಂದೆಯೂ ಪರದೇಶಕ್ಕೆ ಹೋದಂತಾಯಿತು. ಮೂವತ್ತು ವರ್ಷ, ಸಾಯುವವರೆಗೆ, ಅವರು ಅಲ್ಲಿಯೇ ಇದ್ದರು.

ಆ ಮೂವತ್ತು ವರ್ಷಗಳಲ್ಲಿ ಅವರು ಮಾಡಿದುದೇನು? ಹೊರಗಿನ ಕಣ್ಣಿಗೆ, ಪಟ್ಟಿ ಬರೆದುದು. 1923ರಿಂದ ಭಾಗಭಾಗವಾಗಿ ಅಚ್ಚಾದ ಭಾರತೀಯ ಸಂಗ್ರಹದ ಪಟ್ಟಿಯಲ್ಲಿ ಒಂದೊಂದು ಚಿತ್ರಕ್ಕೂ ವಿಗ್ರಹಕ್ಕೂ ಅಳತೆ, ಕಾಲ, ಸ್ಥಳ, ವಿಷಯ, ಅದರ ಹಿಂದಿರುವ ಪುರಾಣ ಅಥವಾ ಕಾವ್ಯ, ಇವನ್ನೆಲ್ಲ ಬರೆದಿಟ್ಟರು. ಪಟ್ಟಿಯೆಂದರೆ ಕೀಳು ಕೆಲಸವೆಂದು ತಿಳಿಯಬಾರದು. ನಾಯಿಕೆಯ ಭೇದವನ್ನರಿಯದವನು ರಸಮಂಜರಿಯ ಚಿತ್ರಕ್ಕೆ ‘ಕಿಟಕಿಯ ಬಳಿಯ ಹೆಂಗಸು’ ಎಂದು ಚೀಟಿ ಅಂಟಿಸಿಬಿಟ್ಟಾನು. ಸಂಸ್ಕೃತ, ಪಾಲಿ, ಗ್ರೀಕ್, ಲ್ಯಾಟಿನ್ ಭಾಷೆಗಳ ಪಾಂಡಿತ್ಯವೆಲ್ಲ ಒಂದು ಸಣ್ಣ ಚೀಟಿಯ ಹಿಂದೆ ನಿಂತಿದ್ದಿತು. ಅವರು ಎಲ್ಲೆಡೆಯೂ ಸರಿಯಾಗಿಯೇ ಹೇಳಿದರೆಂದಲ್ಲ. ಜಮ್ಮುವಿನವೆಂದು ಅವರು ಗುರುತಿಸಿದ ಕೆಲವು ಚಿತ್ರಗಳನ್ನು ಬಸೋಹಲಿಯವೆಂದು ಅನಂತರದ ವಿದ್ವಾಂಸರು ತಿದ್ದಿದ್ದಾರೆ. ಹಾಗೆ ತಿದ್ದಲು ಸಾಧ್ಯವಾದುದೂ ಅವರು ತಮ್ಮ ಕಾರಣಗಳನ್ನು ಮುಚ್ಚಿಡದೆ ಬರೆದುದರಿಂದಲೇ.

ಅವರ ಇನ್ನೊಂದು ಮಾತು ಅಮೆರಿಕದವರಿಗೆ ಅಷ್ಟೇನೂ ರುಚಿಸುವಂತಹುದಾಗಿರಲಿಲ್ಲ. ಕಲಾಕೃತಿಗಳನ್ನು ಏಕೆ ಪ್ರದರ್ಶಿಸಬೇಕು ಎಂಬ ಪ್ರಶ್ನೆಯನ್ನೇ ಹೆಸರಾಗಿ ಉಳ್ಳ ಪುಸ್ತಕವೊಂದನ್ನು ಅವರು 1943ರಲ್ಲಿ ಪ್ರಕಟಿಸಿದರು. ಸಂಗ್ರಹಾಲಯದಲ್ಲಿರುವ ಯಾವ ಪುರಾತನ ವಸ್ತುವೂ ಸಂಗ್ರಹಾಲಯಕ್ಕಾಗಿ ಹುಟ್ಟಿದುದಲ್ಲವೆಂಬುದು ಅವರ ವಾದದ ಮೂಲ. ಪೂಜೆಗೆಂದು ಎರಕ ಹೊಯ್ದುದು, ಉಣ್ಣುವುದಕ್ಕೆಂದು ತಿಗುರಿಯಲ್ಲಿ ತಿರುಗಿದುದು, ಉಡುವುದಕ್ಕೆಂದು ನೆಯ್ದುದು ಅಲ್ಲಿ ಬಂದು ಕುಳಿತಿರುವುದು. ತನ್ನ ನೆಲೆಯನ್ನು ಕಳೆದುಕೊಂಡು ನಾಶವಾಗದಿರಲೆಂದು ಅದಕ್ಕೆ ಅಲ್ಲಿ ಆಶ್ರಯ. ಆದುದರಿಂದ ನೋಡಲು ಬಂದವನಿಗೆ ‘ಚೆಂದವಾಗಿದೆ’ ಎನ್ನಿಸಿ ಕಳುಹಿಸುವುದು ಪಾಲಕನ ಧರ್ಮವಲ್ಲ; ಇದು ಏತಕ್ಕಾಗಿ ಹುಟ್ಟಿತು, ಇದನ್ನು ಮಾಡಿಸಿದವರು ಏನೆಂದು ನಂಬಿದ್ದರು ಎಂದು ತಿಳಿಸಿ ಕಳುಹಿಸಬೇಕು. ಬದುಕಿರುವ ಚಿತ್ರಕಾರರ ಕೃತಿಗಳನ್ನು ಸಂಗ್ರಹಾಲಯದಲ್ಲಿ ತೂಗುಹಾಕುವ ಅವಶ್ಯಕತೆಯೇ ಇಲ್ಲವೆಂದೂ ಅವರು ಹೇಳುತ್ತಿದ್ದರು. ಇದು ಕೊಂಚ ಅತಿಯಾಯಿತೆಂದೇ ಹೇಳಬೇಕು. ಇಂದಿನ ಕಲಾವಿದರು ಈ ಮಾತನ್ನು ಒಪ್ಪಲಾರರು, ಒಪ್ಪಬೇಕಾದುದೂ ಇಲ್ಲ.

1947ರ ಆಗಸ್ಟ್ 22ರಂದು, ಭಾರತಕ್ಕೆ ಸ್ವಾತಂತ್ರ್ಯ ಬಂದ ಒಂದು ವಾರಕ್ಕೆ, ಅವರಿಗೆ ಎಪ್ಪತ್ತು ತುಂಬಿತು. ಮರುವರ್ಷ ಭಾರತಕ್ಕೆ ಹಿಂದಿರುಗುವುದಾಗಿ ಅಂದಿನ ಸಮಾರಂಭದಲ್ಲಿ ತಿಳಿಸುತ್ತ, ಅದನ್ನು ಅಸ್ತಂಗಮನವೆಂದು ಕರೆದರು. ವೇದದಲ್ಲಿ ಅಸ್ತವೆಂದರೆ ಮನೆ. ಸೂರ್ಯನು ಅಸ್ತಕ್ಕೆ ಹೋಗುವುದೆಂದರೆ ಮನೆಗೆ ಹೋಗುವುದೇ. ಮನೆಗೆ ಬರುವ ಯೋಗ ಅವರಿಗಿರಲಿಲ್ಲ. ಸೆಪ್ಟೆಂಬರ್ 9ರಂದು ಬಾಸ್ಟನ್ನಿನ ಸಮೀಪದ ನೀಡಮ್ ಎಂಬ ಊರಿನಲ್ಲಿ ದೇಹವನ್ನು ಬಿಟ್ಟರು. ಚಿತ್ರಗಳು ಬಾಸ್ಟನ್ನಿನಲ್ಲಿಯೇ ಉಳಿದವು.

ಕುಮಾರಸ್ವಾಮಿಗಳ ಚಿತ್ರಗಳು ಹಗಲು ಹೊತ್ತಿನಲ್ಲಿ, ಎಲ್ಲರಿಗೂ ತಿಳಿದಂತೆ ಹೋದುವು. ಇರುಳಿನಲ್ಲಿ ಹೋದುವುಗಳ ಕಥೆ ಬೇರೆ. ಇದು ಏನು ಎಂಬ ಪ್ರಶ್ನೆಯ ಜೊತೆಗೆ ಇದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೂ ಪಾಲಕನು ಕೇಳಲೇಬೇಕೆಂಬುದು ಅಲ್ಲಿ ಕಾಣುವುದು.

ತಂಜಾವೂರು ಸೀಮೆಯ ಶಿವಪುರಮ್ ಎಂಬ ಗ್ರಾಮದಲ್ಲಿ 1951ರಲ್ಲಿ ಹೊಲದೊಳಗೆ ಚೋಳರ ಕಾಲದ ಕಂಚಿನ ವಿಗ್ರಹಗಳು ಸಿಕ್ಕಿದವು. ಅವುಗಳಲ್ಲಿ ಒಂದು ನಟರಾಜಮೂರ್ತಿ. ಸರ್ಕಾರದವರು ಅವನ್ನು ಊರಿನ ದೇವಾಲಯಕ್ಕೇ ಒಪ್ಪಿಸಿದರು. ಕೆಲವು ವರ್ಷಗಳ ತರುವಾಯ ದುರಸ್ತಿಗೆಂದು ವಿಗ್ರಹಗಳನ್ನು ಹೊರಗೆ ಕಳುಹಿಸಿದಾಗ, ಅಲ್ಲಿ ಅಚ್ಚು ತೆಗೆದು ಹೊಸದನ್ನು ಮಾಡಿ, ಹೊಸದನ್ನೇ ದೇವಾಲಯಕ್ಕೆ ಹಿಂದಿರುಗಿಸಿದರು. ಹಳೆಯದು ಕೈಯಿಂದ ಕೈಗೆ ಹೋಯಿತು. ಊರಿನವರು ಹೊಸ ವಿಗ್ರಹಕ್ಕೆ ಅಭಿಷೇಕ ಮಾಡುತ್ತಲೇ ಇದ್ದರು, ಯಾರಿಗೂ ಸಂಶಯವಿಲ್ಲ. ಸಂಶಯಪಟ್ಟವರು ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಾಸ್ ಬ್ಯಾರೆಟ್. ಚೋಳರ ಕಂಚಿನ ಮೂರ್ತಿಗಳನ್ನು ಕುರಿತು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಶಿವಪುರಮ್ಮಿನಲ್ಲಿ ಈಗಿರುವುದು ನಕಲು, ಅಸಲು ಬೇರೊಬ್ಬ ಸಂಗ್ರಾಹಕನಲ್ಲಿದೆ ಎಂದು ಅವರು ಬರೆದರು. ವರ್ಷಗಟ್ಟಲೆ ಇಂತಹ ವಿಗ್ರಹಗಳ ಮೈಯನ್ನೇ ನೋಡುತ್ತ ಬಂದ ಕಣ್ಣು ಸುಮ್ಮನಿರಲಿಲ್ಲ. ಅಷ್ಟಾದರೂ 1973ರಲ್ಲಿ ಅಮೆರಿಕದ ನಾರ್ಟನ್ ಸೈಮನ್ ಸಂಸ್ಥೆಯವರು ಅದೇ ಮೂರ್ತಿಯನ್ನು ಕೊಂಡರು. ಭಾರತ ಸರ್ಕಾರವು ವ್ಯಾಜ್ಯ ಹೂಡಿ, 1976ರಲ್ಲಿ ರಾಜಿಯಾಗಿ, ಹತ್ತು ವರ್ಷ ಅಲ್ಲಿ ಪ್ರದರ್ಶನವಾದ ಮೇಲೆ 1986ರಲ್ಲಿ ನಟರಾಜನು ಹಿಂದಿರುಗಿದನು.

ಈ ಪ್ರಸಂಗದಿಂದ ಜಗತ್ತು ಬುದ್ಧಿ ಕಲಿಯಿತೆಂದು ತಿಳಿದವರಿಗೆ ಮುಂದೆ ಆಶಾಭಂಗ ಕಾದಿತ್ತು. ತಮಿಳುನಾಡಿನ ಶ್ರೀಪುರಂತಾನ್ ಗ್ರಾಮದ ದೇವಾಲಯದಿಂದ ಕಳವಾದ ಮತ್ತೊಂದು ನಟರಾಜವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆಯವರು 2008ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬನಿಂದ ಐವತ್ತು ಲಕ್ಷ ಡಾಲರಿಗೂ ಮಿಗಿಲಾದ ಬೆಲೆ ತೆತ್ತು ಕೊಂಡರು. ವಿಗ್ರಹವು ಹಿಂದಿನಿಂದಲೂ ಹೊರದೇಶದಲ್ಲಿತ್ತೆಂದು ತೋರಿಸುವ ಕಾಗದಪತ್ರಗಳು ಜೊತೆಗಿದ್ದವು. ಅವು ಸುಳ್ಳೆಂದು ಆಮೇಲೆ ಹೊರಬಿತ್ತು. ಹೊರಬೀಳುವಂತೆ ಮಾಡಿದುವು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಯೇ ದೇವಾಲಯಗಳಲ್ಲಿ ತೆಗೆದಿಟ್ಟಿದ್ದ ಛಾಯಾಚಿತ್ರಗಳು. ಅದೇ ಮೂರ್ತಿ, ಅದೇ ಮೈಗಲೆಗಳೊಡನೆ, ಶ್ರೀಪುರಂತಾನಿನ ಗುಡಿಯೊಳಗೆ ನಿಂತಿರುವುದು ಅಲ್ಲಿ ಕಂಡಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಗಳು ದೆಹಲಿಗೆ ಬಂದು ಅದನ್ನು ಭಾರತದ ಪ್ರಧಾನಿಗಳಿಗೆ ಒಪ್ಪಿಸಿದರು.

1972ರ ಪುರಾತನವಸ್ತುಗಳ ಕಾಯಿದೆ ಪುಸ್ತಕದಲ್ಲಿತ್ತು. ಬೇರೆ ದೇಶಗಳವರೂ ಕೂಡಿ ಮಾಡಿಕೊಂಡ 1970ರ ಯುನೆಸ್ಕೊ ಒಪ್ಪಂದವೂ ಇತ್ತು. ಇಲ್ಲದೆ ಹೋದುದು ಪ್ರಶ್ನೆ. ಬಯಸಿದ ವಸ್ತು ಎದುರಿಗೆ ಬಂದು ನಿಂತಾಗ, ಅದನ್ನು ತರಿಸಿ ಶಾಲೆಗೆ ಕೀರ್ತಿ ತರಬೇಕೆಂಬ ಆಸೆ ಮುಂದೆ ನಿಂತಾಗ, ನಾಲ್ಕನೆಯ ಪ್ರತಿಮೆಯ ಹೆಸರನ್ನು ಕೇಳಲು ನಾಲಗೆ ಏಳುವುದಿಲ್ಲ. ಭರತನಂತೆ ಹಿಂದಿನ ಮೂವರ ಹೆಸರನ್ನೇ ಮತ್ತೆಮತ್ತೆ ಹೇಳಿಸಿಕೊಳ್ಳುವುದು: ಅಳತೆ ಸರಿಯಾಗಿದೆಯೇ, ಕಂಚು ಚೋಳರ ಕಾಲದ್ದೇ, ಬೆಲೆ ಹೆಚ್ಚಾಯಿತೇ. ಭರತನ ಭಯವು ಪಿತೃಪ್ರೇಮದಿಂದ ಹುಟ್ಟಿದುದು, ಕ್ಷಮ್ಯ. ಕೊಳ್ಳುವವರ ಭಯಕ್ಕೆ ಆ ಹೆಸರು ಸಲ್ಲದು. ಅಂತಹ ಹೊತ್ತಿನಲ್ಲಿ ಮುಖ್ಯ ಪಾಲಕನಾದವನು ತನ್ನ ಧರ್ಮದರ್ಶಿಗಳನ್ನೂ, ಹಣ ಕೊಡುವ ದಾತೃಗಳನ್ನೂ, ಎಲ್ಲಕ್ಕಿಂತ ಮಿಗಿಲಾಗಿ ತನ್ನ ಆಸೆಯನ್ನೂ ತಡೆದು ನಿಲ್ಲಿಸಬೇಕಾಗುವುದು. ಬೇಡವೆಂದು ಹಿಂದಕ್ಕೆ ಕಳುಹಿಸಿದ ವಿಗ್ರಹ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಆ ಕೆಲಸಕ್ಕೆ ಹೊಗಳಿಕೆಯೂ ಇಲ್ಲ.

ಹಿಂದಿರುಗಿದ ದೇವರುಗಳ ಪಾಡೇನು? ತಮ್ಮ ಗುಡಿಗೆ ಹೋಗಿ ಮತ್ತೆ ನೈವೇದ್ಯ ಪಡೆದುವೆಂದು ಹೇಳಲು ಎಲ್ಲೆಡೆಯೂ ಆಗುವುದಿಲ್ಲ. ಮತ್ತೆ ಕಳವಾದೀತೆಂಬ ಭಯದಿಂದ ಅನೇಕ ಮೂರ್ತಿಗಳನ್ನು ತಿರುವಾರೂರು ಮೊದಲಾದ ಕಡೆಗಳಲ್ಲಿ ಸರ್ಕಾರದ ಭದ್ರವಾದ ಕೊಠಡಿಗಳಲ್ಲಿ ಇರಿಸಿದರು. ಪರದೇಶದ ದೀಪದ ಕೆಳಗೆ ನಿಂತಿದ್ದಾಗ ನೋಡುವವರಾದರೂ ಇದ್ದರೆಂದು ವಾದಿಸುವವರು ಉಂಟು. ಕದ್ದವನ ಮನೆಯಲ್ಲಿ ಸುಖವಾಗಿತ್ತೆಂದು ಹಸುವನ್ನು ಅಲ್ಲಿಯೇ ಬಿಡುವುದುಂಟೇ ಎಂದು ಅವರನ್ನು ಕೇಳಬೇಕಾದೀತು. ಆದರೂ ಪೂಜೆಯಿಲ್ಲದ, ನೋಟವೂ ಇಲ್ಲದ ಆ ಕೊಠಡಿಗಳನ್ನು ನೆನೆದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ತನ್ನ ಎಡೆಯಿಂದ ಕದಲಿದ ವಸ್ತುವಿಗೆ ಏನು ಸಲ್ಲಬೇಕೆಂಬ ಈ ಪ್ರಶ್ನೆಯು ಕನ್ನಡನಾಡಿನ ಒಂದು ಕಲ್ಲಿನ ಮೇಲೆಯೇ ಬರೆದಿರುವುದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಇತಿಹಾಸದ ಓದುಗರು ಬಲ್ಲರು. ತಕ್ಕೋಲದ ಕಾಳಗದ ಹಿಂದೆಯೇ, ಕ್ರಿ. ಶ. 950ರ ಸುಮಾರಿನಲ್ಲಿ ಹಾಕಿಸಿದುದು. ಮಣಲೆರನೆಂಬ ವೀರನು ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ ಹೊನ್ನನ್ನು ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗಾಗಿ ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟನು. ನಾಯಿಯೂ ಹಂದಿಯೂ ಕಾದುವ ಚಿತ್ರ ಆ ಕಲ್ಲಿನ ಮೇಲೆ ಕಡೆದಿದೆ. ಏನು, ಯಾರದು, ಏಕೆ ಎಂಬುದನ್ನು ಅದು ತಾನೇ ಹೇಳುವುದರಿಂದ ಅದಕ್ಕೆ ದೇವಕುಲಿಕನು ಬೇಡ, ಕಳ್ಳಪತ್ರವೂ ಅಂಟಲಾರದು. ಅಲ್ಲಿಯೇ 또ಇನ್ನೊಂದು ವಿಧಿಯೂ ಇದೆ: ಆ ಸ್ಥಳದ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟುವುದು.

ಆ ಕಲ್ಲು ಬಹುಕಾಲದ ಹಿಂದೆ ಆತಕೂರನ್ನು ಬಿಟ್ಟು, 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಗೊರವನು ಊರಿನಲ್ಲಿ ಉಳಿದನು. ವಿಧಿ ಮಾತ್ರ ಕಲ್ಲಿನೊಡನೆ ಬಂದಿತು. ಈಗ ಅದು ಯಾರಿಗೆ ಅನ್ವಯಿಸುವುದೆಂದು ಧರ್ಮಶಾಸ್ತ್ರಿಗಳನ್ನು ಕೇಳಿದರೆ, ಸ್ಥಳಕ್ಕೆ ಬದಲು ಸ್ಥಳ ಬಂದಾಗ ಸ್ಥಾನಾಪನ್ನನಾದವನಿಗೆ ಎಂದು ಅವರು ಹೇಳಿಯಾರು. ಎಂದರೆ ಪಾಲಕನಿಗೆ. ಆತನು ಹೂವನ್ನು ಏರಿಸಲಾರ, ಹಣೆಗೆ ವಿಭೂತಿಯಿಟ್ಟು ಕಲ್ಲಿನ ಮುಂದೆ ಕುಳಿತುಕೊಳ್ಳಲಾರ. ಬುತ್ತಿಯನ್ನು ಬಿಚ್ಚುವುದಕ್ಕೆ ಮುನ್ನ ಆ ಸಾಲುಗಳನ್ನು ಬಂದವರಿಗೆ ಒಮ್ಮೆ ಓದಿ ಹೇಳಬಲ್ಲ.